ಕಟಕಟೆಯಲ್ಲಿ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಯಾರನ್ನೂ ಕೊಂದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮೂರ ಕೋರ್ಟಿನ ಆವರಣದಲ್ಲಿ ಕರಿಕೋಟು ತೊಟ್ಟು ಓಡಾಡುವ ಎಷ್ಟೋ ಜನ ಇವತ್ತಿಗೂ ಈ ಮಾತನ್ನು ಪೂರ್ತಿ ನಂಬುವುದಿಲ್ಲ. ಅವರು ಕೆಟ್ಟವರೇನಲ್ಲ. ಅವರಿಗೆ ಕಾನೂನು ಕಲಿಸಿದ ರೀತಿಯೇ ಹಾಗಿತ್ತು.

ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ಕುಳ್ಳಗೆ, ತೆಳ್ಳಗೆ, ಕನ್ನಡಕ ಸದಾ ಮೂಗಿನ ತುದಿಗೆ ಜಾರಿರುತ್ತಿದ್ದ ಹೆಂಗಸು. ಯೋಚನೆಯಲ್ಲಿದ್ದಾಗ ಅವರ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಟೈಪ್ ಮಾಡುತ್ತಿದ್ದವು. "ಏನು ಟೈಪ್ ಮಾಡ್ತಿದೀರಾ?" ಎಂದು ಕೇಳಿದರೆ "ನಿನ್ನ ಮೇಲೆ ಕಂಪ್ಲೇಂಟು" ಅನ್ನುತ್ತಿದ್ದರು. ದೊಡ್ಡಪ್ಪನದು ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ. ಮಕ್ಕಳಿರಲಿಲ್ಲ. ನಾನು ಅರ್ಧ ನಮ್ಮ ಮನೆಯಲ್ಲಿ, ಅರ್ಧ ಅವರ ಮನೆಯಲ್ಲಿ ಬೆಳೆದೆ. ಅಂಗಡಿಗೆ ಬಂದು ಯಾರೂ ಒಯ್ಯದೆ ಉಳಿದ ಫೋಟೋಗಳೆಲ್ಲ ಅವರ ಮನೆಯ ಗೋಡೆ ಮೇಲಿದ್ದವು. ಗುರುತು ಪರಿಚಯವಿಲ್ಲದ ಆ ಮುಖಗಳ ನಡುವೆ ಕೂತು ನಾವು ಊಟ ಮಾಡುತ್ತಿದ್ದೆವು.

ದೊಡ್ಡಮ್ಮ ಕೆಲಸಕ್ಕೆ ಸೇರಿದ್ದು ಊರವರೆಲ್ಲ ದೊಡ್ಡ ವಕೀಲರು ಅಂತ ಕರೆಯುತ್ತಿದ್ದವರ ಲಾ ಕಾಲೇಜಿನಲ್ಲಿ. ಅವರು ಒಂದು ಕಾಲಕ್ಕೆ ಕ್ರಿಮಿನಲ್ ಕೇಸುಗಳಲ್ಲಿ ಎತ್ತಿದ ಕೈ. ಪಾಟೀಸವಾಲಿಗೆ ಎದ್ದು ನಿಂತರೆ ಸಾಕ್ಷಿಗಳ ಬಾಯಿ ಒಣಗುತ್ತಿತ್ತಂತೆ. ಅಂಥವರು ಇದ್ದಕ್ಕಿದ್ದ ಹಾಗೆ ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿ, ಸ್ವಂತ ಮನೆಯ ಕೆಳಗಿನ ಅಂತಸ್ತಿನಲ್ಲಿ ಸಂಜೆ ಕಾಲೇಜು ಅಂತ ಬೋರ್ಡು ಹಾಕಿಬಿಟ್ಟರು. ಊರಿನವರಿಗೆ ಇದು ಹುಚ್ಚು ಅನ್ನಿಸಿತು. ಆದರೂ ಸೇರುವವರು ಸೇರಿದರು. ಬ್ಯಾಂಕಿನ ಗುಮಾಸ್ತ, ಬಸ್ ಕಂಡಕ್ಟರ್, ನಿವೃತ್ತ ಪೊಲೀಸ್, ಗಂಡ ಬಿಟ್ಟುಹೋದ ಮೇಲೆ ಸ್ವಂತ ಕೇಸನ್ನು ತಾನೇ ನಡೆಸಬೇಕೆಂದು ಹಟ ಹಿಡಿದ ಒಬ್ಬ ನರ್ಸು. ಹಗಲು ಹೊಟ್ಟೆಪಾಡು, ಸಂಜೆ ಕಾನೂನು.

ಊಟದ ಮನೆಯ ಗೋಡೆ ಒಡೆಸಿ ಹಾಲ್ ಮಾಡಿದ್ದರು. ಮುಚ್ಚಿಹೋದ ಒಂದು ಚಿತ್ರಮಂದಿರದಿಂದ ತಂದ ಕುರ್ಚಿಗಳು, ಬೆನ್ನ ಮೇಲೆ ಹಳೆಯ ನಂಬರುಗಳು ಹಾಗೇ ಇದ್ದವು. ಹಾಲಿನ ಒಂದು ತುದಿಗೆ ಮರದ ಜಗಲಿ, ಅದರ ಮೇಲೆ ನ್ಯಾಯಾಧೀಶರ ಕುರ್ಚಿ. ಪಕ್ಕದಲ್ಲಿ ಕಟಕಟೆ. ಮನೆಯ ಹಳೆಯ ವರಾಂಡದ ಕಂಬಿಗಳನ್ನು ಕಿತ್ತು ಬಡಗಿ ಅದನ್ನು ಕಟ್ಟಿದ್ದ.

ದೊಡ್ಡ ವಕೀಲರ ಹೆಂಡತಿ ಮೇಲಿನ ಅಂತಸ್ತಿನಲ್ಲಿರುತ್ತಿದ್ದರು. ಕೆಳಗೆ ಇಳಿದು ಬಂದದ್ದನ್ನು ಕಂಡವರು ಕಡಿಮೆ. ವಿದ್ಯಾರ್ಥಿಗಳು ಅವರನ್ನು ಮೇಲಿನ ಅಮ್ಮ ಅನ್ನುತ್ತಿದ್ದರು. ಪಾಠ ನಡೆಯುವಾಗ ತಲೆಯ ಮೇಲೆ ಅವರ ಹೆಜ್ಜೆ ಸಪ್ಪಳ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿತ್ತು. ಹೊಸಬರು ಮೇಲೆ ನೋಡುತ್ತಿದ್ದರು, ಹಳಬರು ನೋಡುತ್ತಿರಲಿಲ್ಲ.

ದೊಡ್ಡಮ್ಮನ ಕೆಲಸ ನೋಟ್ಸುಗಳನ್ನು ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಮಸಿ ಯಂತ್ರದಲ್ಲಿ ಸುತ್ತಿ ಪ್ರತಿ ತೆಗೆಯುವುದು. ಮನೆಗೆ ಬಂದರೆ ಸೆರಗಿನಿಂದಲೂ ಮಸಿಯ ವಾಸನೆ. ಮೊದಲ ವರ್ಷವೇ ದೊಡ್ಡ ವಕೀಲರು ಒಂದು ಕೇಸನ್ನು ಹೇಳಿ ಬರೆಸಿದರು. ವಿದ್ಯಾರ್ಥಿಗಳು ಅಣಕು ನ್ಯಾಯಾಲಯದಲ್ಲಿ ವಾದ ಮಾಡಿ ಕಲಿಯಲು ಮಾಡಿದ ಕೇಸು ಅಂತ ಎಲ್ಲರೂ ತಿಳಿದರು. ಸಂಗತಿ ಇಷ್ಟು. ಒಂದು ಮನೆಯಲ್ಲಿ ಗಂಡ, ಹೆಂಡತಿ, ಗಂಡನ ತಂಗಿ. ಒಂದು ಮಧ್ಯಾಹ್ನ ಗಂಡ ಹೊರಗೆ ಹೋಗಿದ್ದಾನೆ. ಹೆಂಡತಿ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಳೆ, ರೇಡಿಯೋ ಹಾಡುತ್ತಿದೆ. ಗಂಡ ಬರುವಷ್ಟರಲ್ಲಿ ತಂಗಿ ಹಿತ್ತಲಿನ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಾಳೆ. ಅತ್ತಿಗೆ ನಾದಿನಿ ಜಗಳವಾಡಿದ್ದನ್ನು ಪಕ್ಕದ ಮನೆಯವರು ಬೆಳಿಗ್ಗೆ ಕೇಳಿದ್ದಾರೆ. ಜಾರಿ ಬಿದ್ದಳೋ, ಅತ್ತಿಗೆ ತಳ್ಳಿದಳೋ?

ಆರೋಪಿಯಾಗಿ ನಿಲ್ಲಬೇಕಿದ್ದ ವಿದ್ಯಾರ್ಥಿನಿಗೆ ಮದುವೆ ಗೊತ್ತಾಗಿ ಅವಳು ಕಾಲೇಜು ಬಿಟ್ಟಳು. ದೊಡ್ಡ ವಕೀಲರು ಟೈಪ್‌ರೈಟರಿನ ಹತ್ತಿರ ಬಂದು ನಿಂತರು.

"ನೀವೇ ನಿಂತುಬಿಡಿ. ಟೈಪ್ ಮಾಡಿದ್ದೀರಲ್ಲ, ಎಲ್ಲ ಗೊತ್ತಿದೆ."

"ನನಗೆ ಸುಳ್ಳು ಹೇಳೋಕೆ ಬರಲ್ಲ ಸರ್."

"ಸುಳ್ಳು ಬೇಡ. ಕೇಳಿದ್ದಕ್ಕೆ ಉತ್ತರ ಕೊಡಿ."

ಹಾಗೆ ಒಂದು ಭಾನುವಾರದ ಮಧ್ಯಾಹ್ನ ದೊಡ್ಡಮ್ಮ ಕಟಕಟೆ ಹತ್ತಿದರು. ವಿದ್ಯಾರ್ಥಿಗಳು ಅವರನ್ನು ಸುತ್ತಿ ಬಳಸಿ ಕೇಳಿದರು. ದೊಡ್ಡ ವಕೀಲರು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ "ತೀರ್ಪನ್ನು ಕಾಯ್ದಿರಿಸಲಾಗಿದೆ" ಎಂದು ಎದ್ದು ಹೋದರು.

ಮರುವರ್ಷವೂ ಅದೇ ಕೇಸು. ಅದರ ಮರುವರ್ಷವೂ. ಬೇರೆ ಕೇಸು ಕೊಡಿ ಸರ್ ಅಂತ ವಿದ್ಯಾರ್ಥಿಗಳು ಕೇಳಿದರೆ, "ಇದೇ ಇನ್ನೂ ಮುಗಿದಿಲ್ಲವಲ್ಲ" ಅನ್ನುತ್ತಿದ್ದರು. ತೀರ್ಪು ಮಾತ್ರ ಯಾವ ವರ್ಷವೂ ಬರಲಿಲ್ಲ.

ವರ್ಷಗಳು ಉರುಳಿದವು. ಓದಿ ಹೋದವರು ಊರ ತುಂಬ ಹರಡಿಕೊಂಡರು. ಕಂಡಕ್ಟರ್ ಅಪಘಾತದ ಕೇಸುಗಳಲ್ಲಿ ಹೆಸರು ಮಾಡಿದ. ನರ್ಸು ತನ್ನ ಕೇಸು ಗೆದ್ದು, ಬೇರೆ ಹೆಂಗಸರ ಕೇಸು ಹಿಡಿದಳು. ಚಹದಂಗಡಿಯವನನ್ನೂ "ಮೈಲಾರ್ಡ್, ಒಂದು ಟೀ" ಎಂದು ಕೇಳುತ್ತಿದ್ದ ಒಬ್ಬ ಹುಡುಗನಿಗೆ ಮೈಲಾರ್ಡ್ ಅಂತಲೇ ಅಡ್ಡಹೆಸರು ಬಿದ್ದಿತ್ತು. ಮುಂದೆ ಅವನು ನಿಜವಾಗಿಯೂ ನ್ಯಾಯಾಧೀಶನಾದ. ಇನ್ನೊಬ್ಬ ನೋಟರಿಯಾಗಿ ಕೋರ್ಟಿನ ಗೇಟಿನ ಪಕ್ಕ ಛತ್ರಿ ಹಾಕಿ ಕೂತ. ಅವನಿಗೆ ರಬ್ಬರ್‌ಸ್ಟಾಂಪು ಎಂದು ಹೆಸರು.

ಇವರೆಲ್ಲ ಬೇರೆ ಬೇರೆ ವರ್ಷ ಓದಿದವರು, ಬೇರೆ ಬೇರೆ ಸ್ವಭಾವದವರು. ಆದರೆ ಒಟ್ಟಿಗೆ ಸೇರಿದರೆ ಮಾತು ಆ ಮೆಟ್ಟಿಲಿಗೇ ಬರುತ್ತಿತ್ತು. ಅಣಕು ಕೇಸು ಅನ್ನುವುದನ್ನು ಮರೆತವರ ಹಾಗೆ ಮಾತಾಡುತ್ತಿದ್ದರು. ಯಾವ ಮನೆಗೆ ಹೋದರೂ ಮೊದಲು ಹಿತ್ತಲಿಗೆ ಕಣ್ಣು ಹಾಯಿಸುವ ಚಟ ತನಗೆ ಅಂಟಿದೆ ಎಂದು ಕಂಡಕ್ಟರ್ ವಕೀಲರು ಒಮ್ಮೆ ನಗುತ್ತ ಹೇಳಿದಾಗ ಉಳಿದವರು ಯಾರೂ ನಗಲಿಲ್ಲ.

ಅವರು ದೊಡ್ಡಮ್ಮನನ್ನು ನೋಡುವ ನೋಟವೂ ಬದಲಾಗಿತ್ತು. ಗೌರವಕ್ಕೇನೂ ಕಡಿಮೆಯಿಲ್ಲ. ಬಸ್ಸಿನಲ್ಲಿ ಎದ್ದು ಸೀಟು ಬಿಡುತ್ತಿದ್ದರು. ಆದರೆ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಒಂದು ದಿನ ಅಂಚೆ ಕಚೇರಿಯ ಮೆಟ್ಟಿಲು ಇಳಿಯುತ್ತಿದ್ದ ರಬ್ಬರ್‌ಸ್ಟಾಂಪು, ಹಿಂದೆ ದೊಡ್ಡಮ್ಮ ಇಳಿದು ಬರುವುದನ್ನು ಕಂಡು, ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟ.

"ನೀವು ಮುಂದೆ ಹೋಗಿ ಅಕ್ಕಾ."

"ನೀನು ಆಗಲೇ ಇಳೀತಿದ್ಯಲ್ಲಪ್ಪ, ಹೋಗು. ನಾನು ಹಿಂದೆ ಬರ್ತೀನಿ."

"ಬೇಡ ಅಕ್ಕಾ. ನೀವೇ ಮುಂದೆ ಹೋಗಿ."

ಇದನ್ನು ಮನೆಯಲ್ಲಿ ಹೇಳಿ ದೊಡ್ಡಮ್ಮ ಬಿದ್ದು ಬಿದ್ದು ನಕ್ಕರು. ದೊಡ್ಡಪ್ಪ ನಗಲಿಲ್ಲ. ಅವರಿಗೆ ಅಷ್ಟರಲ್ಲಾಗಲೇ ಒಂದು ಅನುಮಾನ ಹೊಕ್ಕಿತ್ತು ಅಂತ ಕಾಣುತ್ತದೆ. ಯಾಕೆಂದರೆ ಅದಕ್ಕೆ ಸ್ವಲ್ಪ ಮುಂಚೆ, ಗಿರಾಕಿಯೊಬ್ಬರು ತಂದ ಹುಡುಗಿಯ ಫೋಟೋ ನೋಡಿ ದೊಡ್ಡಮ್ಮ, "ನನ್ನ ನಾದಿನಿ ಹೀಗೇ ಓರೆ ಬೈತಲೆ ತೆಗೀತಿದ್ದಳು" ಅಂದಿದ್ದರು.

ದೊಡ್ಡಪ್ಪ ಒಬ್ಬನೇ ಮಗ. "ನನಗೆ ಗೊತ್ತಿಲ್ದೆ ನಮ್ಮಪ್ಪನಿಗೆ ಇನ್ನೊಬ್ಬಳು ಮಗಳಿದ್ದಳಾ?" ಎಂದು ತಮಾಷೆ ಮಾಡಿದರು. ದೊಡ್ಡಮ್ಮ ತಬ್ಬಿಬ್ಬಾಗಿ, ಬಾಯಿ ತಪ್ಪಿತು ಅಂದರು. ಆಮೇಲೆ ಬಾಯಿ ತಪ್ಪುವುದು ಹೆಚ್ಚಾಯಿತು. ಅವಳಿಗೆ ಈ ಬಣ್ಣ ಇಷ್ಟ, ಅವಳು ನಗುವಾಗ ಬಾಯಿಗೆ ಕೈ ಅಡ್ಡ ಇಡ್ತಾಳೆ, ಅಂತ ಏನಾದರೂ ಬಂದುಬಿಡುತ್ತಿತ್ತು. ಆಮೇಲೆ ತಾವೇ ಗಪ್ಪಾಗುತ್ತಿದ್ದರು.

"ಆ ಕೆಲಸ ಬಿಟ್ಟುಬಿಡು" ಎಂದರು ದೊಡ್ಡಪ್ಪ.

"ಕೆಲಸ ಏನು ಮಾಡ್ತು? ವರ್ಷಕ್ಕೆ ಒಂದು ಮಧ್ಯಾಹ್ನ ನಿಂತ್ಕೋತೀನಿ, ಅಷ್ಟೇ ತಾನೇ."

ನಾನು ಅದೇ ಕಾಲೇಜಿಗೆ ಸೇರುವ ಹೊತ್ತಿಗೆ ಅದರ ಸುಗ್ಗಿ ಮುಗಿದಿತ್ತು. ಊರಾಚೆ ಗಾಜಿನ ಕಟ್ಟಡದ ಹೊಸ ಲಾ ಕಾಲೇಜು ಬಂದಿತ್ತು. ನಮ್ಮ ಹಾಲಿನಲ್ಲಿ ಕೂತವರಿಗಿಂತ ಖಾಲಿ ಕುರ್ಚಿಗಳೇ ಹೆಚ್ಚು. ದೊಡ್ಡ ವಕೀಲರಿಗೆ ವಯಸ್ಸಾಗಿ ಕೈ ನಡುಗುತ್ತಿತ್ತು. ಆದರೂ ಅಣಕು ನ್ಯಾಯಾಲಯದ ಭಾನುವಾರ ಮಾತ್ರ ತಪ್ಪಲಿಲ್ಲ.

ದೊಡ್ಡಮ್ಮ ಕಟಕಟೆಯಲ್ಲಿ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಅವರು ಹತ್ತಿ ನಿಂತ ಕೂಡಲೇ ಮೇಲಿನ ಹೆಜ್ಜೆ ಸಪ್ಪಳ ನಿಂತುಹೋಯಿತು. ನಿಂತದ್ದು ಕಟಕಟೆಗೆ ಸರಿಯಾಗಿ ಮೇಲುಗಡೆ. ಆಮೇಲೆ ಬಹಳ ಹೊತ್ತು ಮೇಲಿನಿಂದ ಸದ್ದೇ ಇಲ್ಲ. ಅಲ್ಲಿ ಯಾರೋ ಉಸಿರು ಹಿಡಿದು ನಿಂತಿದ್ದಾರೆ ಅನ್ನಿಸಿತು.

ಸರ್ಕಾರಿ ವಕೀಲನ ಪಾತ್ರ ಮಾಡುತ್ತಿದ್ದವನು ನನ್ನ ಸಹಪಾಠಿ, ಔಷಧಿ ಅಂಗಡಿಯ ಮಾಲೀಕ. ಕೇಳಲು ಏನೂ ತೋಚದೆ, ಸುಮ್ಮನೆ ಕೇಳಬೇಕಲ್ಲ ಅಂತ ಕೇಳಿದ.

"ಸತ್ತಾಗ ಆಕೆಯ ಕಾಲಲ್ಲಿ ಏನಿತ್ತು?"

"ಒಂದು ಕಾಲಲ್ಲಿ ಚಪ್ಪಲಿ ಇತ್ತು" ಎಂದರು ದೊಡ್ಡಮ್ಮ. "ಇನ್ನೊಂದರ ಪಟ್ಟಿ ಕಿತ್ತುಹೋಗಿತ್ತು. ಅದು ಮೇಲಿನ ಮೆಟ್ಟಿಲಲ್ಲೇ ಉಳೀತು."

ಆರೋಪಿಯ ಪರ ವಾದಿಸುತ್ತಿದ್ದವಳು ಎದ್ದಳು. "ಇದು ಕೇಸಿನಲ್ಲಿ ಎಲ್ಲೂ ಇಲ್ಲ ಸರ್."

 ದೊಡ್ಡ ವಕೀಲರ ಪೆನ್ನು ಕಾಗದದ ಮೇಲೆ ಊರಿಕೊಂಡು ಮಸಿಯ ಮಚ್ಚೆ ದೊಡ್ಡದಾಗುತ್ತಿತ್ತು. ಮೇಲೆ, ನಮ್ಮ ತಲೆಯ ಮೇಲೆ, ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದಾಯಿತು.  ಅವತ್ತು ದೊಡ್ಡ ವಕೀಲರು ತೀರ್ಪು ಕಾಯ್ದಿರಿಸಿದ್ದೇನೆ ಅನ್ನುವುದನ್ನೂ ಮರೆತು ಎದ್ದು ಹೋದರು.

ಮರುದಿನ ಸಂಜೆ ಮೇಲಿನ ಅಮ್ಮ ದೊಡ್ಡಮ್ಮನನ್ನು ಕರೆಸಿಕೊಂಡರು. ಇಷ್ಟು ವರ್ಷ ಅದೇ ಮನೆಯಲ್ಲಿ ಕೆಲಸ ಮಾಡಿದರೂ ದೊಡ್ಡಮ್ಮ ಮೇಲಿನ ಅಂತಸ್ತನ್ನು ನೋಡಿರಲಿಲ್ಲ. ಅವತ್ತು ಅಲ್ಲಿ ಏನಾಯಿತು ಅನ್ನುವುದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಸಲವೂ ಒಂದೇ ಥರ.

ಕೋಣೆಯಲ್ಲಿ ಇಸ್ತ್ರಿ ಮೇಜು. ಅದರ ಮೇಲೆ ಬಟ್ಟೆ ಮುಚ್ಚಿಟ್ಟ ರೇಡಿಯೋ. ಹಿಂದಿನ ಗೋಡೆಗೆ ಬೀರು ಒತ್ತಿ ನಿಲ್ಲಿಸಿದ್ದರು, ಬೀರುವಿನ ಎರಡೂ ಪಕ್ಕಕ್ಕೆ ಬಾಗಿಲ ಚೌಕಟ್ಟು ಇಣುಕುತ್ತಿತ್ತು. ಅಮ್ಮ ಕುರ್ಚಿ ತೋರಿಸಿದರು.

"ಚಪ್ಪಲಿ ವಿಷಯ ನಿಮಗೆ ಯಾರು ಹೇಳಿದ್ರು?"

"ಯಾರೂ ಇಲ್ಲ ಅಮ್ಮ. ಬಾಯಿಗೆ ಬಂತು."

"ಅದು ಇವರಿಗೂ ಗೊತ್ತಿರಲಿಲ್ಲ. ಇವರು ಬರೋ ಹೊತ್ತಿಗೆ ನಾನು ಆ ಚಪ್ಪಲಿ ತಗೊಂಡು ಕೆಳಗಿಳಿದು ಅವಳ ಕಾಲಿಗೆ ಹಾಕಿದ್ದೆ."

ದೊಡ್ಡಮ್ಮನಿಗೆ ಆ ಕ್ಷಣಕ್ಕೆ ಎಲ್ಲ ಗೊತ್ತಾಯಿತು. ಕೇಸು ಕಟ್ಟುಕತೆಯಲ್ಲ. ಮನೆ ಇದೇ. ಬೀರುವಿನ ಹಿಂದಿನ ಬಾಗಿಲಾಚೆ ಇರುವುದು ಅದೇ ಮೆಟ್ಟಿಲು. ದೊಡ್ಡ ವಕೀಲರಿಗೆ ತಂಗಿಯೊಬ್ಬಳಿದ್ದಳು.

"ಯಾಕೆ ಹಾಕಿದ್ರಿ ಅಮ್ಮ?"

"ಒಂದು ಕಾಲು ಬರಿದಾಗಿ ಬಿದ್ದಿದ್ದು ನೋಡೋಕಾಗ್ಲಿಲ್ಲ."

ಅಮ್ಮ ಮುಂದುವರಿಸಿದರು. "ದೊಡ್ಡ ವಕೀಲರ ಮನೆ ಅಂತ ಪೊಲೀಸರೂ ಜಾಸ್ತಿ ಕೇಳ್ಲಿಲ್ಲ. ಜಾರಿ ಬಿದ್ದಳು ಅಂತ ಬರ್ಕೊಂಡ್ರು. ಇವರಂತೂ ಏನೂ ಕೇಳ್ಲಿಲ್ಲ. ಇವತ್ತಿಗೂ ನನ್ನ ಬಾಯಿಂದ ಒಂದು ಮಾತು ಕೇಳಿಲ್ಲ. ಕೇಳೋ ಬದಲು ಕಾಲೇಜು ಕಟ್ಟಿದ್ರು. ಊರ ಮಕ್ಕಳನ್ನೆಲ್ಲ ಕರೆದು, ನನ್ನನ್ನ ಕೇಳಬೇಕಾದ್ದನ್ನ ನಿಮ್ಮ ಹತ್ರ ಕೇಳಿಸ್ತಿದಾರೆ. ನಾನು ಇಲ್ಲಿ ನಿಂತು ಕೇಳಿಸ್ಕೋತೀನಿ. ನೀವು ನನ್ನ ಪರವಾಗಿ ಚೆನ್ನಾಗೇ ಉತ್ತರ ಕೊಟ್ಟಿದೀರಿ. ಒಂದೊಂದು ವರ್ಷ ಸ್ವಲ್ಪ ಎಡವಟ್ಟು ಮಾಡಿದೀರಿ, ಇರಲಿ."

ದೊಡ್ಡಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮುಂದಿನ ಸಲ ನೀವು ಬರಬೇಡಿ" ಎಂದರು ಅಮ್ಮ.

ಆ ಮುಂದಿನ ಸಲ ನಾನು ಕೋರ್ಟಿನ ಗುಮಾಸ್ತೆಯ ಪಾತ್ರದಲ್ಲಿದ್ದೆ. ಕಾಗದ ಜೋಡಿಸುವುದು, ಹೆಸರು ಕೂಗುವುದು ನನ್ನ ಕೆಲಸ. ದೊಡ್ಡಮ್ಮ ಮೈ ಸರಿಯಿಲ್ಲ ಎಂದು ಮನೆಯಲ್ಲೇ ಉಳಿದಿದ್ದರು. ಅದನ್ನು ದೊಡ್ಡ ವಕೀಲರಿಗೆ ಹೇಳಲು ಹೋದರೆ, ಅವರು ಕೈಯೆತ್ತಿ ನನ್ನ ಮಾತು ತಡೆದು, "ಕೂಗಿ" ಎಂದರು.

"ಆರೋಪಿ ಹಾಜರಿದ್ದಾರಾ?" ಎಂದು ಕೂಗಿದೆ.

ಮೇಲೆ ಹೆಜ್ಜೆ ಸಪ್ಪಳ ಶುರುವಾಯಿತು. ಈ ಸಲ ಅದು ಹಾಲಿನ ಉದ್ದಕ್ಕೂ ಹೋಗಿ ನಿಲ್ಲಲಿಲ್ಲ. ಒಳಮೆಟ್ಟಿಲಿಗೆ ಬಂತು, ಒಂದೊಂದಾಗಿ ಇಳಿಯಿತು. ಬಾಗಿಲು ತೆರೆದು ಒಬ್ಬ ಮುದುಕಿ ಒಳಗೆ ಬಂದರು. ಇಸ್ತ್ರಿ ಮಾಡಿದ ತಿಳಿ ಬಣ್ಣದ ಸೀರೆ, ಬಿಗಿಯಾಗಿ ಕಟ್ಟಿದ ಬಿಳಿ ಕೂದಲು. ನೇರ ಹೋಗಿ ಕಟಕಟೆ ಹತ್ತಿ ಕಂಬಿ ಹಿಡಿದು ನಿಂತರು.  ದೊಡ್ಡ ವಕೀಲರು ಬೇಡ ಅನ್ನಲಿಲ್ಲ.

ಆ ವರ್ಷದ ಸರ್ಕಾರಿ ವಕೀಲ ಬೇರೆ ಊರಿನಿಂದ ಬಂದು ಹೊಸದಾಗಿ ಸೇರಿದ್ದವನು. ಮೇಲಿನ ಅಮ್ಮನನ್ನು ಕಂಡವನೇ ಅಲ್ಲ. ಟೈಪಿಸ್ಟ್ ಬದಲಿಗೆ ಯಾರನ್ನೋ ಕರೆಸಿದ್ದಾರೆ ಅಂದುಕೊಂಡು ಹುರುಪಿನಿಂದ ಎದ್ದ.

"ಬೆಳಿಗ್ಗೆ ಜಗಳವಾಗಿತ್ತಾ?"

"ಆಗಿತ್ತು."

"ಯಾವುದಕ್ಕೆ?"

"ನನ್ನ ಸೀರೆ ಕೇಳದೆ ಉಟ್ಕೊಂಡಿದ್ದಳು. ಯಾವಾಗ್ಲೂ ಹಾಗೇ. ನಾನು ಈ ಮನೆಗೆ ಬಂದಾಗಿಂದ ನನ್ನದು ಅನ್ನೋದು ಏನೂ ಇರಲಿಲ್ಲ."

"ಆಕೆ ಬಿದ್ದಾಗ ನೀವೆಲ್ಲಿದ್ರಿ?"

"ಇಸ್ತ್ರಿ ಮೇಜಿನ ಹತ್ತಿರ."

"ಬಿದ್ದ ಸದ್ದು ಕೇಳಿಸಲಿಲ್ಲವೇ?"

"ಇಲ್ಲ."

ಹುಡುಗ ಗೆದ್ದವನ ಹಾಗೆ ನಮ್ಮ ಕಡೆ ನೋಡಿ ಕೂತ. ಅಮ್ಮ ಕಟಕಟೆಯಿಂದ ಇಳಿಯಲಿಲ್ಲ. ನ್ಯಾಯಾಧೀಶರ ಕುರ್ಚಿಯ ಕಡೆ ತಿರುಗಿದರು.

"ನೀವು ಏನೂ ಕೇಳೋದಿಲ್ವಾ?"

ದೊಡ್ಡ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.  ಆಮೇಲೆ, ಕೋರ್ಟಿನ ದನಿಯಲ್ಲಲ್ಲ, ಮನೆಯ ದನಿಯಲ್ಲಿ ಕೇಳಿದರು.

"ನೀನು ತಳ್ಳಿದ್ಯಾ?"

ಹಾಲಿನಲ್ಲಿದ್ದ ಅಷ್ಟೂ ಜನಕ್ಕೆ ಆಗ ಅರ್ಥವಾಯಿತು. ಸರ್ಕಾರಿ ವಕೀಲನಾಗಿದ್ದ ಹುಡುಗ ತನ್ನ ಕರಿಕೋಟನ್ನು ಮೆಲ್ಲನೆ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

"ಇಲ್ಲ" ಎಂದರು ಅಮ್ಮ. "ಚಪ್ಪಲಿ ಪಟ್ಟಿ ಕಿತ್ತು ಕಾಲು ಜಾರಿತ್ತು. ಕಂಬಿ ಹಿಡ್ಕೊಂಡು ಜೋತಾಡ್ತಿದ್ದಳು ಅಂತ ಕಾಣತ್ತೆ. ಅತ್ತಿಗೆ, ಕೈ ಕೊಡಿ ಅಂತ ಕೂಗಿದಳು. ನಾನು ಸಿಟ್ಟಲ್ಲಿದ್ದೆ. ರಾಜಿ ಮಾಡ್ಕೊಳ್ಳೋಕೆ ನಾಟಕ ಆಡ್ತಾಳೆ ಅಂದ್ಕೊಂಡೆ. ಮತ್ತೆ ಕೂಗಿದಳು. ರೇಡಿಯೋ ಜೋರು ಮಾಡ್ದೆ."



"ಅಷ್ಟೇನಾ?" ಎಂದರು ದೊಡ್ಡ ವಕೀಲರು.

"ಅಷ್ಟೇ."

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?"

"ಕೇಳೋಕೆ ನಿಮಗೂ ಬೇಕಾಯ್ತಲ್ಲ."

ದೊಡ್ಡ ವಕೀಲರು ಎದ್ದು, ಜಗಲಿಯಿಂದ ಕಷ್ಟಪಟ್ಟು ಇಳಿದು, ಒಳಮೆಟ್ಟಿಲ ಕಡೆ ಹೋದರು. ಅಮ್ಮ ಹಿಂದೆಯೇ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಬೀರು ಎಳೆಯುವ ಸದ್ದು ಬಂತು. ನಾವು ಕಾಗದಗಳನ್ನು ಹಾಗೇ ಬಿಟ್ಟು, ಒಬ್ಬರ ಮುಖ ಒಬ್ಬರು ನೋಡದೆ ಹೊರಗೆ ಬಂದೆವು.

ಆಮೇಲೆ ಅಣಕು ನ್ಯಾಯಾಲಯ ನಡೆಯಲಿಲ್ಲ. ದೊಡ್ಡ ವಕೀಲರು ಪಾಠಕ್ಕೂ ಬರಲಿಲ್ಲ. ನಮ್ಮ ತಂಡ ಹೇಗೋ ಪರೀಕ್ಷೆ ಮುಗಿಸಿತು, ಆಮೇಲೆ ಬೋರ್ಡು ಇಳಿಸಿದರು. ಗಂಡ ಹೆಂಡತಿ ಇಬ್ಬರೂ ಸಂಜೆ ಹೊತ್ತು ಹಿತ್ತಲಿನ ಕಬ್ಬಿಣದ ಮೆಟ್ಟಿಲ ಮೇಲೆ ಕೂತು ಮಾತಾಡುವುದನ್ನು ಅಕ್ಕಪಕ್ಕದವರು ನೋಡುತ್ತಿದ್ದರು. ಹೊಸದಾಗಿ ಮದುವೆಯಾದವರ ಹಾಗೆ ಅದೆಷ್ಟು ಮಾತು ಅಂತ ಜನ ಆಡಿಕೊಂಡರು. ಆಮೇಲೆ ಬಹಳ ಕಾಲ ಅವರು ಬದುಕಲಿಲ್ಲ. ಮೊದಲು ದೊಡ್ಡ ವಕೀಲರು, ಹಿಂದೆಯೇ ಮೇಲಿನ ಅಮ್ಮ. ಈಗ ಆ ಮನೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬು ಇದೆ.

ಆದರೆ ನಾನು ಹೇಳಹೊರಟದ್ದು ದೊಡ್ಡಮ್ಮನ ವಿಷಯ. ಮೇಲಿನ ಅಮ್ಮ ಕಟಕಟೆ ಹತ್ತಿದ ಆ ಭಾನುವಾರ ನಾನು ಸೀದಾ ದೊಡ್ಡಮ್ಮನ ಮನೆಗೆ ಓಡಿದೆ. ಅವರು ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದರು. ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರಿಗೆ ಸಮಾಧಾನವಾಗುತ್ತದೆ, ಹೆಗಲಿನಿಂದ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಅವರು ಮಡಚುವುದನ್ನು ನಿಲ್ಲಿಸಿ ಕೇಳಿದರು.

"ರೇಡಿಯೋನಾ?"

"ಹೌದು ದೊಡ್ಡಮ್ಮ. ಜೋರು ಮಾಡಿದ್ರಂತೆ, ಅಷ್ಟೇ."

"ಹಾಗಾದ್ರೆ ತಳ್ಳಿದ್ದು ಯಾರು?"

"ಯಾರೂ ತಳ್ಳಿಲ್ಲ. ಅವಳೇ ಜಾರಿ ಬಿದ್ದಿದ್ದು."

ದೊಡ್ಡಮ್ಮ ತಮ್ಮ ಬಲಗೈ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. "ಬೆನ್ನು ಬಿಸಿ ಇತ್ತು ಪುಟ್ಟಿ" ಎಂದರು. "ಆಗ ತಾನೇ ಇಸ್ತ್ರಿ ಮಾಡಿದ ರವಿಕೆ ಹಾಕ್ಕೊಂಡಿದ್ದಳು."

 ಅಂಗಡಿಯಿಂದ ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಚಪ್ಪಲಿಯನ್ನೂ ಬಿಡದೆ ಹೊರಗೆ ಹೋದರು.

ನಿಜವಾಗಿ ಆ ಮೆಟ್ಟಿಲ ಹತ್ತಿರ ಇದ್ದವರು ಹೇಳಿಕೊಂಡು ಹಗುರಾದರು. ಅಲ್ಲಿ ಇಲ್ಲದೇ ಇದ್ದ ದೊಡ್ಡಮ್ಮನ ಪಾಲಿಗೆ, ಯಾರೂ ಮಾಡದ ಒಂದು ಕೊಲೆ ಉಳಿಯಿತು. ಇಷ್ಟು ವರ್ಷ ಇಷ್ಟು ಜನ ಬುದ್ಧಿವಂತರು ನೀನು ತಳ್ಳಿದೆ, ನೀನು ತಳ್ಳಿದೆ ಎಂದು ಬಗೆಬಗೆಯಾಗಿ ಹೇಳಿದ್ದು ಅವರ ಮೈಗೆ ಹೋಗಿ ಸೇರಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮಾತ್ರೆ ಕೊಟ್ಟರು, ವಿಶ್ರಾಂತಿ ಹೇಳಿದರು. ಅವರಿಗೆ ಬುದ್ಧಿ ಕೆಟ್ಟಿರಲಿಲ್ಲ. ಮನೆಗೆಲಸ ಮಾಡುತ್ತಿದ್ದರು, ಅಕ್ಕಪಕ್ಕದವರ ಅರ್ಜಿ ಟೈಪ್ ಮಾಡಿಕೊಡುತ್ತಿದ್ದರು. ತಮಗೆ ನಾದಿನಿ ಇರಲಿಲ್ಲ ಅನ್ನುವುದೂ ಅವರಿಗೆ ಗೊತ್ತಿತ್ತು. ಅದನ್ನು ತಾವೇ ಹೇಳುತ್ತಿದ್ದರು. ಹೇಳಿ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

ದೊಡ್ಡಪ್ಪ ತೀರಿಕೊಂಡ ಮೇಲೆ ನಾನು ಅವರನ್ನು ಒಬ್ಬರೇ ಇರಲು ಬಿಡಲಿಲ್ಲ, ಅವರ ಮನೆಗೇ ಹೋಗಿ ಉಳಿದೆ. ಅಷ್ಟು ಹೊತ್ತಿಗೆ ನಾನೂ ವಕೀಲೆಯಾಗಿದ್ದೆ. ಒಂದು ಬೆಳಿಗ್ಗೆ ಕೋರ್ಟಿಗೆ ಹೊರಟು ನಿಂತಾಗ ದೊಡ್ಡಮ್ಮ ಕೇಳಿದರು.

"ನನಗೊಂದು ತೀರ್ಪು ಬೇಕಲ್ಲ ಪುಟ್ಟಿ."

"ಎಂಥ ತೀರ್ಪು?"

"ಅಷ್ಟು ವರ್ಷ ನಿಲ್ಲಿಸಿ ನಿಲ್ಲಿಸಿ ಕಳಿಸಿದ್ರು. ಒಬ್ಬರೂ ಏನಾಯ್ತು ಅಂತ ಹೇಳ್ಲಿಲ್ಲ. ಶಿಕ್ಷೆ ಆದ್ರೂ ಪರವಾಗಿಲ್ಲ. ಹೀಗೆ ಇರೋಕಾಗಲ್ಲ."

ನಾನು ಮೈಲಾರ್ಡ್ ಅವರನ್ನು ಹುಡುಕಿಕೊಂಡು ಹೋದೆ. ಅವರು ಆಗ ನಿವೃತ್ತರಾಗಿದ್ದರು. ವಿಷಯ ಕೇಳಿ ನಗುತ್ತಾರೇನೋ ಅಂತ ಅಂಜಿದ್ದೆ. ಅವರು ನಗಲಿಲ್ಲ. ಬರುತ್ತೇನೆ ಎಂದರು. ಮುಂದಿನ ಭಾನುವಾರ ಬೆಳಿಗ್ಗೆ ಅವರು ಬಂದರು. ಒಬ್ಬರೇ ಅಲ್ಲ. ಕಂಡಕ್ಟರ್ ವಕೀಲರು, ನರ್ಸಮ್ಮ, ರಬ್ಬರ್‌ಸ್ಟಾಂಪು, ನನ್ನ ಸಹಪಾಠಿಗಳಿಬ್ಬರು. ಎಲ್ಲರೂ ಕರಿಕೋಟಿನಲ್ಲಿ. ನಮ್ಮ ನಡುಮನೆಯ ಗೋಡೆಯ ಮೇಲಿನ ಅಪರಿಚಿತ ಮುಖಗಳ ಕೆಳಗೆ ಅವರು ಸಾಲಾಗಿ ಕೂತರು. ಕೂರಲು ಜಾಗ ಸಾಲದೆ ರಬ್ಬರ್‌ಸ್ಟಾಂಪು ಬಾಗಿಲಿಗೆ ಒರಗಿ ನಿಂತ. ದೊಡ್ಡಮ್ಮ ಮೇಜಿನ ಪಕ್ಕ ಎದ್ದು ನಿಂತರು. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ.

"ಹೇಳುವುದೇನಾದರೂ ಇದೆಯಾ?" ಎಂದರು ಮೈಲಾರ್ಡ್.

ದೊಡ್ಡಮ್ಮ ಹೇಳಿದರು. ಯಾರೂ ಬರೆದುಕೊಟ್ಟದ್ದಲ್ಲ, ತಮ್ಮ ಕೈ ಬಲ್ಲದ್ದನ್ನು ಹೇಳಿದರು. ಕಬ್ಬಿಣದ ಮೆಟ್ಟಿಲು ಬಿಸಿಲಿಗೆ ಕಾದು ಸುಡುತ್ತಿದ್ದುದು, ಹುಡುಗಿ ಬಗ್ಗಿ ಚಪ್ಪಲಿಯ ಪಟ್ಟಿ ನೋಡುತ್ತಿದ್ದುದು, ರವಿಕೆಯ ಬೆನ್ನಿನ ಬಿಸಿ, ಆಮೇಲೆ ಅಂಗೈ ಎದುರು ಏನೂ ಇಲ್ಲದೆ ಗಾಳಿ ಮಾತ್ರ ಉಳಿದದ್ದು. ಸಾವಕಾಶವಾಗಿ, ಕನ್ನಡಕ ಮೇಲಕ್ಕೆ ತಳ್ಳಿಕೊಳ್ಳುತ್ತ ಹೇಳಿದರು. ನಾನು ಆ ಕೋಣೆಯಲ್ಲಿ ಬೆಳೆದವಳು, ಆದರೂ ಅವರ ಪಕ್ಕ ನಿಲ್ಲಲು ಆಗದೆ ಕಿಟಕಿಯ ಕಡೆ ಸರಿದೆ.

ಮೈಲಾರ್ಡ್ ಗಂಟಲು ಸರಿಮಾಡಿಕೊಂಡರು.

"ಆರೋಪಿಗೆ ನಾದಿನಿ ಇರಲಿಲ್ಲ. ಆರೋಪಿ ಆ ಮನೆಗೆ ಕಾಲಿಟ್ಟದ್ದೇ ಆ ಸಾವು ಆದ ಮೇಲೆ. ಬಿದ್ದವರು ಜಾರಿ ಬಿದ್ದರು ಎನ್ನುವುದಕ್ಕೆ ಆ ಮನೆಯಲ್ಲಿದ್ದವರ ಹೇಳಿಕೆ ಇದೆ. ಆರೋಪಿಯನ್ನು ದೋಷಮುಕ್ತ ಮಾಡಲಾಗಿದೆ."

"ಪೂರ್ತಿನಾ?" ಎಂದರು ದೊಡ್ಡಮ್ಮ.

"ಪೂರ್ತಿ."

"ಕಾಯ್ದಿರಿಸಿದ್ದು ಏನೂ ಇಲ್ಲವಲ್ಲ?"

"ಏನೂ ಇಲ್ಲ ಅಕ್ಕ."

ದೊಡ್ಡಮ್ಮ ತಲೆಯಾಡಿಸಿದರು. "ಇರಿ, ಟೀ ಮಾಡ್ತೀನಿ" ಎಂದು ಒಳಗೆ ಹೋದರು. ಒಲೆ ಹಚ್ಚಿದ ಸದ್ದು ಕೇಳಿಸಿತು. ಆಮೇಲೆ ಅವರು ಅಳುವುದು ಕೇಳಿಸಿತು. ನರ್ಸಮ್ಮ ಎದ್ದು ಒಳಗೆ ಹೋದರು.

ಗೇಟಿನ ತನಕ ಬೀಳ್ಕೊಡಲು ಹೋದಾಗ ಮೈಲಾರ್ಡ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. "ಎಷ್ಟೋ ಕೊಲೆ ಕೇಸು ನೋಡಿದೀನಮ್ಮ" ಎಂದರು. "ಸುಳ್ಳು ಹೇಳೋರ ಕಣ್ಣು ನನಗೆ ಗೊತ್ತಾಗತ್ತೆ. ಆಕೆ ಸುಳ್ಳು ಹೇಳ್ತಿರಲಿಲ್ಲ. ಅದೇ ನನಗೆ ಕಷ್ಟವಾಗಿದ್ದು."

ದೊಡ್ಡಮ್ಮ ಅವತ್ತಿನಿಂದ ಸುಧಾರಿಸಿಕೊಂಡರು. ರಾತ್ರಿ ಒಳ್ಳೆಯ ನಿದ್ದೆ, ಬಾಯಿಗೆ ರುಚಿ. ಪಕ್ಕದ ಮನೆಯ ಸೊಸೆಗೆ ಟೈಪಿಂಗ್ ಕಲಿಸಿದರು. ಅವಳು ತಪ್ಪು ಮಾಡಿದರೆ ಗದರಿಸುವುದು, ಮರುಕ್ಷಣ ನಗಿಸುವುದು. ನಾದಿನಿಯ ಮಾತು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಳ್ಳೆಯ ಕೆಲವು ವರ್ಷಗಳು ಸಿಕ್ಕವು ಅಂತ ನಾನು ಧೈರ್ಯವಾಗಿ ಹೇಳಬಲ್ಲೆ. ಕೊನೆಗೆ ಎದೆಯಲ್ಲಿ ಕಫ ಕಟ್ಟಿ ಒಂದು ವಾರ ನರಳಿ ಹೋದರು. ಹಾಸಿಗೆಯ ಪಕ್ಕ ನಾನೊಬ್ಬಳೇ ಇದ್ದೆ.

ಮಣ್ಣಿಗೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಬಂದರು. ನಾನು ಹೇಳಿ ಕಳಿಸಿದ್ದು ಒಂದಿಬ್ಬರಿಗೆ ಮಾತ್ರ. ಆದರೆ ಬಂದವರು ಬರುತ್ತಲೇ ಇದ್ದರು. ಎಲ್ಲ ವರ್ಷದವರೂ. ಕೂದಲು ನೆರೆತವರು, ಕೋಲು ಊರಿದವರು, ನಾನು ಮುಖವನ್ನೇ ನೋಡಿರದವರು. ಬೀದಿಯ ಎರಡೂ ಕಡೆ ಕರಿಕೋಟುಗಳು ಮಾತಿಲ್ಲದೆ ನಿಂತಿದ್ದವು. ಎಲ್ಲ ಮುಗಿದು ಜನ ಚದುರುವಾಗ ರಬ್ಬರ್‌ಸ್ಟಾಂಪು ನನ್ನ ಹತ್ತಿರ ಬಂದು ನಿಂತ.  ಅವನ ಹಿಂದೆ ಇನ್ನೂ ನಾಲ್ಕಾರು ಮಂದಿ ಬಂದು ಕಿವಿಗೊಟ್ಟು ನಿಂತರು.

"ಪಕ್ಕದಲ್ಲಿ ನೀವೊಬ್ರೇ ಇದ್ರಂತಲ್ಲ, ಕೊನೆಗೆ ಏನಾದ್ರೂ ಹೇಳಿದ್ರಾ?" ಎಂದ, ತಗ್ಗಿದ ದನಿಯಲ್ಲಿ.

"ನೀರು ಕೇಳಿದ್ರು."

"ಬೇರೇನೂ ಇಲ್ವಾ?"

"ಇಲ್ಲ."

ಅವನು ತಲೆಯಾಡಿಸಿ ಹಿಂದಿನವರ ಕಡೆ ತಿರುಗಿ ನೋಡಿದ. ಅವರು ನನ್ನನ್ನು ನೋಡಿದರು. ಅದೇ ನೋಟ ಹಿಂದೆ ಎಷ್ಟೋ ಸಲ ದೊಡ್ಡಮ್ಮನ ಮೇಲೆ ನೆಟ್ಟದ್ದನ್ನು ನಾನು ಕಂಡಿದ್ದೆ. ನಾನು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.